ಸವಕಳಿ ಮೇಷ್ಟರ ಬದಲಿ ಲೆಕ್ಕ

ಕಾಲೇಜಿನ ಹುಡುಗರು ಮೇಷ್ಟರುಗಳಿಗೆ ಇಡುವ ಅಡ್ಡಹೆಸರು ಸಾಮಾನ್ಯವಾಗಿ ಆ ತಂಡ ಪಾಸಾಗಿ ಹೊರಬೀಳುವಷ್ಟರಲ್ಲಿ ಸತ್ತುಹೋಗುತ್ತದೆ. ಸವಕಳಿ ಮೇಷ್ಟರ ಹೆಸರು ಮಾತ್ರ ಸಾಯಲಿಲ್ಲ. ಅಪ್ಪಂದಿರು ಇಟ್ಟದ್ದನ್ನು ಮಕ್ಕಳು ಬಂದು ಮುಂದುವರಿಸಿದರು. ಮೇಷ್ಟರು ಕಲಿಸುತ್ತಿದ್ದದ್ದು ಎಂಜಿನಿಯರಿಂಗ್ ಅರ್ಥಶಾಸ್ತ್ರ. ಸೇತುವೆಯನ್ನು ಉಕ್ಕಿನಲ್ಲಿ ಕಟ್ಟಿದರೆ ಲಾಭವೋ ಕಾಂಕ್ರೀಟಿನಲ್ಲೋ, ಕೆಟ್ಟ ಪಂಪನ್ನು ರಿಪೇರಿ ಮಾಡಿಸುವುದೋ ಹೊಸದು ತರುವುದೋ, ಇಂಥದ್ದನ್ನು ಲೆಕ್ಕ ಹಾಕಿ ಹೇಳುವ ವಿದ್ಯೆ ಅದು. ಆ ವಿದ್ಯೆಯ ಒಂದು ಮೂಲೆಯನ್ನು ಹಿಡಿದುಕೊಂಡು ಮೇಷ್ಟರು ಜೀವಮಾನವಿಡೀ ಕೂತಿದ್ದರು: ಯಾವ ಯಂತ್ರ ಎಷ್ಟು ಸವೆದಿದೆ, ಅದನ್ನು ಯಾವ ವರ್ಷ ಬಿಸಾಡಬೇಕು. ಅದಕ್ಕೆ ಅವರು ‘ಬದಲಿ ಲೆಕ್ಕ’ ಎನ್ನುತ್ತಿದ್ದರು. ಹಳೆಯದನ್ನು ಇಟ್ಟುಕೊಂಡರೆ ಆಗುವ ತಾಪತ್ರಯ ತಕ್ಕಡಿಯ ಒಂದು ತಟ್ಟೆಯಲ್ಲಿ, ಹೊಸದನ್ನು ತರುವ ಖರ್ಚು ಇನ್ನೊಂದು ತಟ್ಟೆಯಲ್ಲಿ. ಎರಡೂ ಸಮವಾದ ದಿನ ಹಳೆಯದು ಗುಜರಿಗೆ. ಕಣ್ಣೀರು ಹಾಕುವ ಹಾಗಿಲ್ಲ.

ಲೆಕ್ಕ ಅವರಿಗೆ ಬರೀ ಪಾಠವಾಗಿರಲಿಲ್ಲ, ಚಟವಾಗಿತ್ತು. ಯಾವುದಾದರೂ ಕಟ್ಟಡದ ಲಿಫ್ಟ್ ಹತ್ತಿದರೆ ಗೋಡೆಯನ್ನು ಬೆರಳ ಗೆಣ್ಣಿನಿಂದ ತಟ್ಟಿ, ಕಿವಿಗೊಟ್ಟು, “ಇದರ ಆಯುಷ್ಯ ಮುಗಿದು ಬಹಳ ದಿನ ಆಯ್ತು” ಎಂದು ಸಮಾಧಾನದಿಂದ ಹೇಳುವರು. ಜೊತೆಗಿದ್ದವರು ಮುಂದಿನ ಮಹಡಿಯಲ್ಲೇ ಇಳಿದು ಮೆಟ್ಟಿಲು ಹಿಡಿಯುವರು. ಮೇಷ್ಟರು ಒಬ್ಬರೇ ಆರಾಮಾಗಿ ಮೇಲೆ ಹೋಗುವರು.

ಮನೆಯಲ್ಲಿ ಅವರ ವಿದ್ಯೆಗೆ ಅಂಥ ಗಿರಾಕಿಗಳಿರಲಿಲ್ಲ. ಹೆಂಡತಿ ಆಸ್ಪತ್ರೆಯೊಂದರಲ್ಲಿ ಫಿಸಿಯೋಥೆರಪಿಸ್ಟ್. ಸವೆದ ಮಂಡಿ, ಬಿಗಿದ ಭುಜ, ಮುರಿದು ಕೂಡಿದ ಕಾಲುಗಳನ್ನು ದಿನವಿಡೀ ಮಡಚಿ ಚಾಚಿಸಿ ಮತ್ತೆ ನಡೆಯಲು ಹಚ್ಚುವುದೇ ಆಕೆಯ ಕೆಲಸ. ಬದಲಿ ಲೆಕ್ಕದ ಬಗ್ಗೆ ಗಂಡ ಬಾಯಿ ತೆಗೆದರೆ, “ನಮ್ಮಲ್ಲಿ ಬರೋರನ್ನ ಹಾಗೆಲ್ಲ ಬಿಸಾಡೋಕಾಗಲ್ಲರೀ” ಎಂದು ಮಾತು ಮುಗಿಸುತ್ತಿದ್ದಳು. ಇನ್ನೊಬ್ಬರು ಮೇಷ್ಟರ ಅಕ್ಕ. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರಾಗಿ ನಿವೃತ್ತರಾದವರು. ಗಂಡ ತೀರಿಕೊಂಡ ಮೇಲೆ ತಮ್ಮನ ಮನೆಯ ಮುಂದಿನ ಕೋಣೆಗೆ ಬಂದು ನೆಲೆಸಿದ್ದರು. ಊರಿಗೆಲ್ಲ ಸವಕಳಿ ಮೇಷ್ಟರಾದ ತಮ್ಮ ಅವರಿಗೆ ಈಗಲೂ ‘ಪುಟ್ಟ’.

ಮೇಷ್ಟರಿಗೆ ನಿಜವಾದ ಮನೆಯೆಂದರೆ ಸಂಘ. ಎಂಜಿನಿಯರಿಂಗ್ ಅರ್ಥಶಾಸ್ತ್ರ ವೃತ್ತಿಪರರ ಸಂಘವೆಂಬುದು ಕಾಲೇಜಿನ ಹಿಂಭಾಗದಲ್ಲಿ, ಬಾಯ್ಲರ್ ಪ್ರಯೋಗಾಲಯಕ್ಕೆ ಅಂಟಿಕೊಂಡ ಕೋಣೆಯಲ್ಲಿ ಇತ್ತು. ಅಲ್ಲಿ ಒಂದು ಕಬ್ಬಿಣದ ಬೀರು, ಮಡಚಿಟ್ಟ ಬ್ಯಾನರುಗಳು, ಹಂಚಿ ಉಳಿದ ನೆನಪಿನ ಫಲಕಗಳು ಮತ್ತು ಮೇಷ್ಟರು. ಅವರು ಅದರ ಕಾರ್ಯದರ್ಶಿ. ಯಾವಾಗಿನಿಂದ ಎಂದು ಕೇಳಿದರೆ ಸದಸ್ಯರು ಮೇಲೆ ನೋಡಿ ನೆನಪು ಮಾಡಿಕೊಳ್ಳುತ್ತಿದ್ದರು, ನೆನಪಾಗುತ್ತಿರಲಿಲ್ಲ.

ಈ ಸಂಘ ವರ್ಷವಿಡೀ ಚಟುವಟಿಕೆಯಿಂದ ಕೂಡಿರುತ್ತಿತ್ತು ಎಂಬುದಕ್ಕೆ ಸಾಕ್ಷಿ ಅದರ ವಾರ್ಷಿಕ ವರದಿ. ಅದನ್ನು ಬರೆಯುವುದರಲ್ಲಿ ಮೇಷ್ಟರದು ಎತ್ತಿದ ಕೈ. ಇಬ್ಬರು ಸದಸ್ಯರು ಮೊಗಸಾಲೆಯಲ್ಲಿ ನಿಂತು ಮಾತಾಡಿದರೆ ಅದು ವರದಿಯಲ್ಲಿ ‘ವಿಚಾರ ವಿನಿಮಯ’. ಮೂರನೆಯವನು ಬಂದು ಸೇರಿಕೊಂಡರೆ ‘ದುಂಡುಮೇಜಿನ ಚರ್ಚೆ’. ಯಾರಾದರೂ ಅವರಿಗೆ ಬಿಸ್ಕತ್ತು ತಂದುಕೊಟ್ಟರೆ ‘ಕಾರ್ಯಾಗಾರ’. ಊಟವಿದ್ದರೆ ‘ಸಮ್ಮೇಳನ’, ಪರವೂರಿನವನೊಬ್ಬ ದಾರಿ ತಪ್ಪಿ ಬಂದು ಆ ಊಟಕ್ಕೆ ಕೂತರೆ ಅದೇ ‘ರಾಷ್ಟ್ರೀಯ ಸಮ್ಮೇಳನ’. ವರ್ಷಕ್ಕೊಮ್ಮೆ ಎಲ್ಲರೂ ಬಸ್ಸು ಮಾಡಿಕೊಂಡು ಬಾಟಲಿ ಮುಚ್ಚಳ ತಯಾರಿಸುವ ಕಾರ್ಖಾನೆಗೆ ಅಧ್ಯಯನ ಪ್ರವಾಸ ಹೋಗುತ್ತಿದ್ದರು. ಪ್ರತಿ ವರ್ಷವೂ ಅದೇ ಕಾರ್ಖಾನೆ, ಯಾಕೆಂದರೆ ಅದರ ಮ್ಯಾನೇಜರು ಸಂಘದ ಸದಸ್ಯ. ಅದೇ ಯಂತ್ರದ ಮುಂದೆ ನಿಂತು, “ಇದು ಹೊಸದಾ?” ಎಂದು ಕೇಳುತ್ತಿದ್ದರು. ಅವನೂ ಬೇಸರವಿಲ್ಲದೆ, “ಇಲ್ಲ, ಹೋದ ವರ್ಷ ನೋಡಿದ್ರಲ್ಲ ಅದೇ” ಎನ್ನುತ್ತಿದ್ದ. ಸಂಘದ ತ್ರೈಮಾಸಿಕ ಪತ್ರಿಕೆ ವರ್ಷಕ್ಕೊಂದು ಸಲ, ನಾಲ್ಕೂ ಸಂಚಿಕೆಗಳ ಸಂಖ್ಯೆಯನ್ನು ಒಂದೇ ಮುಖಪುಟದ ಮೇಲೆ ಹೊತ್ತು ಬರುತ್ತಿತ್ತು.

ಸಂಶೋಧನೆಯೂ ನಡೆಯುತ್ತಿತ್ತು. ಬೀದಿದೀಪ ಒಬ್ಬರ ಪಾಲಿಗೆ, ಬಾಯ್ಲರು ಇನ್ನೊಬ್ಬರ ಪಾಲಿಗೆ, ಕೊಳಾಯಿ ಮತ್ತೊಬ್ಬರಿಗೆ, ಹೀಗೆ ಅಣ್ಣತಮ್ಮಂದಿರು ಸೈಟು ಹಂಚಿಕೊಂಡಂತೆ ವಿಷಯಗಳನ್ನು ಹಂಚಿಕೊಂಡಿದ್ದರು. ಒಬ್ಬರ ಬೇಲಿಯೊಳಗೆ ಇನ್ನೊಬ್ಬರು ಕಾಲಿಡುತ್ತಿರಲಿಲ್ಲ. ಒಬ್ಬರ ಪ್ರಬಂಧವನ್ನು ಇನ್ನೊಬ್ಬರು ಉಲ್ಲೇಖಿಸುವುದು ಅಲ್ಲಿ ಸೌಜನ್ಯ, ಓದುವುದು ಅತಿಕ್ರಮಣ.

ಇಷ್ಟನ್ನೂ ಹೊತ್ತವರು ಮೇಷ್ಟರು. ಸಭಾಂಗಣ ಗೊತ್ತುಮಾಡುವುದು, ಆಹ್ವಾನ ಅಚ್ಚು ಹಾಕಿಸುವುದು, ಕುರ್ಚಿ ಎಣಿಸುವುದು, ಎಣಿಸಿದ ಕುರ್ಚಿಯನ್ನು ಸರಿಸಿ ಮತ್ತೆ ಎಣಿಸುವುದು. ಸಭೆ ಶುರುವಾಗುವ ಮೊದಲು ಮೈಕಿನ ಮುಂದೆ ನಿಂತು ಒಂದೇ ರಾಗದಲ್ಲಿ ಮೂರು ಸಲ “ಕೇಳಿಸ್ತಿದೆಯಾ” ಎಂದು ಕೇಳುವುದು. ಉಳಿದ ಪದಾಧಿಕಾರಿಗಳಿಗೆ ಕೂತು ಕೂತು ಕೈಕಾಲು ಜೋಮು ಹಿಡಿದಿತ್ತು. ಅಧ್ಯಕ್ಷರು ಜಲಮಂಡಳಿಯಿಂದ ಮುಖ್ಯ ಎಂಜಿನಿಯರಾಗಿ ನಿವೃತ್ತರಾದ ಹಿರಿಯರು. ವೇದಿಕೆಯ ನಡುವಿನ ಕುರ್ಚಿಯಲ್ಲಿ ಕೂತ ತಕ್ಷಣ ನಿದ್ದೆಹೋಗುವುದು, ಚಪ್ಪಾಳೆಯಾದಾಗ ಎದ್ದು ಕೈಮುಗಿಯುವುದು ಅವರ ಪದ್ಧತಿ. ಸಹಕಾರ್ಯದರ್ಶಿಯಾಗಿ ಮೇಷ್ಟರ ಹಳೆಯ ವಿದ್ಯಾರ್ಥಿನಿ, ಈಗ ಅದೇ ಕಾಲೇಜಿನಲ್ಲಿ ಉಪನ್ಯಾಸಕಿಯಾದ ಒಬ್ಬಳಿದ್ದಳು. ಎಲ್ಲರೂ ಅವಳನ್ನು ಚಿಕ್ಕದಾಗಿ ‘ಸಹ’ ಎಂದೇ ಕರೆಯುತ್ತಿದ್ದರು. ಬ್ಯಾನರಿನ ಒಂದು ತುದಿ ಮೇಷ್ಟರು ಹಿಡಿದರೆ ಇನ್ನೊಂದು ತುದಿಯನ್ನು ಸಹಳೇ ಹಿಡಿಯಬೇಕು. ಅದಕ್ಕಿಂತ ಹೆಚ್ಚಿನ ಕೆಲಸವನ್ನು ಮೇಷ್ಟರು ಯಾರಿಗೂ ಬಿಟ್ಟುಕೊಟ್ಟಿರಲಿಲ್ಲ. “ನಿಂಗ್ಯಾಕಮ್ಮ ತೊಂದರೆ, ನಾನೇ ಮಾಡ್ಬಿಡ್ತೀನಿ” ಎನ್ನುವರು. ಆಮೇಲೆ ಮನೆಗೆ ಹೋಗಿ, “ಸಂಘದಲ್ಲಿ ಒಬ್ಬರೂ ಕೈ ಹಾಕಲ್ಲ ನೋಡು” ಎಂದು ಹೆಂಡತಿಯ ಹತ್ತಿರ ಗೋಳಾಡುವರು.

ಆ ವರ್ಷದ ಸಮ್ಮೇಳನಕ್ಕೆ ಪ್ರಬಂಧಗಳು ಬಂದವು. ಲೇಖಕರ ಹೆಸರನ್ನು ಮರೆಮಾಡಿ ಪರಿಶೀಲಕರಿಗೆ ಕಳಿಸುವುದು ನಿಯಮ. ಸಿಮೆಂಟ್ ಕಾರ್ಖಾನೆಯಲ್ಲಿದ್ದ ಪತ್ರಿಕೆಯ ಸಂಪಾದಕರು ದಪ್ಪ ಕಪ್ಪು ಪೆನ್ನು ಹಿಡಿದು ಆ ಕೆಲಸವನ್ನು ನಿಷ್ಠೆಯಿಂದ ಮಾಡುತ್ತಿದ್ದರು. ಬದಲಿ ಲೆಕ್ಕದ ಪ್ರಬಂಧವೊಂದು ಬಂದಾಗ ಅದನ್ನು ಯಾರಿಗೆ ಕಳಿಸಬೇಕೆಂಬ ಪ್ರಶ್ನೆಯೇ ಇರಲಿಲ್ಲ. ಆ ಬೇಲಿಯೊಳಗೆ ಇದ್ದವರು ಮೇಷ್ಟರೊಬ್ಬರೇ. ಸಂಪಾದಕರು ಲಕೋಟೆಯನ್ನು ತಾವೇ ತಂದುಕೊಟ್ಟು, “ಸ್ವಲ್ಪ ಶಾಂತವಾಗಿ ಓದಿ” ಎಂದಷ್ಟೇ ಹೇಳಿ ಹೊರಟುಹೋದರು.

ಅದರ ಹೆಸರು ‘ಸೇವಾ ಸಂಸ್ಥೆಯೊಂದರ ಸಂಯೋಜಕ ಘಟಕ: ಬದಲಿ ಕಾಲದ ಅಧ್ಯಯನ’. ತಮ್ಮ ಬೇಲಿಯೊಳಗೆ ಕೊನೆಗೂ ಒಬ್ಬರು ಬಂದರಲ್ಲ ಎಂದು ಮೇಷ್ಟರಿಗೆ ಖುಷಿಯೋ ಖುಷಿ. ಸಂಜೆ ಊಟದ ಮೇಜಿನ ಮೇಲೆ ತಟ್ಟೆ ಸರಿಸಿ ಹಾಳೆಗಳನ್ನು ಹರಡಿದರು.

“ಕೇಳಿ ಇಲ್ಲಿ, ಎಷ್ಟು ಚೆನ್ನಾಗಿ ಬರೆದಿದಾರೆ. ‘ಸದರಿ ಘಟಕವು ಪ್ರತಿ ಬಾರಿ ಕಾರ್ಯಾರಂಭಕ್ಕೆ ಮುನ್ನ ಒಂದೇ ಸ್ವರದ ಪರೀಕ್ಷಾ ಶಬ್ದವನ್ನು ಹೊರಡಿಸುತ್ತದೆ. ಈ ಶಬ್ದದಿಂದ ಉತ್ಪಾದನೆಗೆ ಯಾವುದೇ ಪ್ರಯೋಜನ ಕಂಡುಬಂದಿಲ್ಲ.’”

ಹೆಂಡತಿ ನೀರಿನ ಲೋಟವನ್ನು ಬಾಯಿಯ ಹತ್ತಿರ ಹಿಡಿದವಳು ಹಾಗೆಯೇ ನಿಂತಳು.

“‘ಎಲ್ಲ ಕೆಲಸವೂ ಈ ಒಂದೇ ಘಟಕದ ಮೂಲಕ ಹಾದುಹೋಗಬೇಕಾದ್ದರಿಂದ ಇದು ನಿಂತರೆ ಎಲ್ಲವೂ ನಿಲ್ಲುತ್ತದೆ. ಸುತ್ತಲಿನ ಘಟಕಗಳು ಬಳಕೆಯಿಲ್ಲದೆ ತುಕ್ಕು ಹಿಡಿದಿವೆ.’ ನೋಡಿ, ಎಂಥಾ ಸೂಕ್ಷ್ಮ. ‘ಸಮ್ಮೇಳನದ ತಿಂಗಳಲ್ಲಿ ವಿಪರೀತ ಬಿಸಿಯಾಗುತ್ತದೆ. ಗಂಟೆಗೊಮ್ಮೆ ಬಿಸಿ ದ್ರವ ಪೂರೈಸದಿದ್ದರೆ ಕಂಪನ ಹೆಚ್ಚುತ್ತದೆ.’”

“ಬಿಸಿ ದ್ರವ ಅಂದ್ರೆ?” ಅಕ್ಕ ಕೇಳಿದರು.

“ಎಣ್ಣೆ ಇರಬೇಕು ಅಕ್ಕ. ಕೆಲವು ಯಂತ್ರಕ್ಕೆ ಎಣ್ಣೆನ ಬಿಸಿ ಮಾಡೇ ಬಿಡ್ಬೇಕು.” ಮೇಷ್ಟರು ಪಕ್ಕದಲ್ಲಿದ್ದ ಟೀ ಎತ್ತಿ ಒಂದು ಗುಟುಕು ಕುಡಿದು ಪುಟ ತಿರುವಿದರು.

ಯಂತ್ರ ಯಾವುದೆಂದು ಓದುವವರಿಗೆ ಈಗಾಗಲೇ ಹೊಳೆದಿರುತ್ತದೆ. ಮೇಷ್ಟರಿಗೆ ಹೊಳೆಯಲಿಲ್ಲ. ಮನುಷ್ಯ ತನ್ನ ಬಗ್ಗೆ ಓದುವಾಗ ತನ್ನ ಹೆಸರು ಕಾಣುವತನಕ ಅದನ್ನು ಪರರ ವಿಷಯವೆಂದೇ ತಿಳಿಯುತ್ತಾನೆ. ಅದರಲ್ಲೂ ಆ ಹೆಸರನ್ನು ಕಪ್ಪು ಪೆನ್ನಿನಿಂದ ಅಳಿಸುವ ಪುಣ್ಯಾತ್ಮರು ಸುತ್ತ ಇದ್ದರೆ ಕೇಳಬೇಕೇ?

“ಈ ಮಿಷನ್ನಿಗೆ ಮನೇಲಿ ಯಾರಾದ್ರೂ ಇದಾರಾ?” ಎಂದಳು ಹೆಂಡತಿ, ಮುಖವನ್ನು ಆದಷ್ಟು ಗಂಭೀರವಾಗಿಟ್ಟುಕೊಂಡು.

“ಯಂತ್ರಕ್ಕೆ ಮನೆ ಎಲ್ಲಿಂದ ಬರತ್ತೆ? ನಿಂಗೆ ತಾಂತ್ರಿಕ ವಿಷಯ ಹೇಳಿದ್ರೆ ತಮಾಷೆ.”

ಆಕೆ ತಟ್ಟೆಗಳನ್ನೆತ್ತಿಕೊಂಡು ಒಳಗೆ ಹೋದಳು. ಹಿಂದೆಯೇ ಅಕ್ಕನೂ ಹೋದರು. ಸ್ವಲ್ಪ ಹೊತ್ತಿಗೆ ಒಳಗಿನಿಂದ ಕಿಸಿಕಿಸಿ ನಗು ಕೇಳಿಸಿತು. ಟೀವಿಯಲ್ಲಿ ಏನೋ ಬರುತ್ತಿರಬೇಕು ಎಂದುಕೊಂಡು ಮೇಷ್ಟರು ಪರಿಶೀಲನೆ ಬರೆಯಲು ಕೂತರು. ಇಷ್ಟು ವರ್ಷದಲ್ಲಿ ಅವರು ಯಾವ ಪ್ರಬಂಧಕ್ಕೂ ಅಷ್ಟು ಮನಸಾರೆ ಬರೆದಿರಲಿಲ್ಲ. ‘ಇಂಥ ಘಟಕವನ್ನು ಇನ್ನೂ ಇಟ್ಟುಕೊಂಡಿರುವ ಆಡಳಿತದ ವಿವೇಕದ ಬಗ್ಗೆ ಅನುಮಾನ ಮೂಡುತ್ತದೆ. ಇದನ್ನು ಬಹಳ ಹಿಂದೆಯೇ ತೆಗೆಯಬೇಕಿತ್ತು. ಲೇಖಕರು ಗುಜರಿ ಬೆಲೆಯನ್ನು ಸೊನ್ನೆ ಎಂದು ಹಿಡಿದಿರುವುದು ಅತಿ ಉದಾರ. ಜಾಗ ಖಾಲಿ ಮಾಡಿಸುವ ಖರ್ಚನ್ನೂ ಸೇರಿಸಿದರೆ ಅದು ಸೊನ್ನೆಗಿಂತ ಕೆಳಗೆ ಹೋಗುತ್ತದೆ. ತೀರ್ಮಾನದಲ್ಲಿ ‘ಕ್ರಮೇಣ’ ಎಂಬ ಪದ ತೆಗೆದು ‘ತಕ್ಷಣ’ ಎಂದು ಹಾಕುವುದು. ವರ್ಷದ ಅತ್ಯುತ್ತಮ ಸಂಶೋಧನೆಯ ಬಹುಮಾನಕ್ಕೆ ಶಿಫಾರಸು ಮಾಡಿದೆ.’

ಪರಿಶೀಲಕರ ಹೆಸರನ್ನೂ ಮರೆಮಾಡುವುದು ನಿಯಮವೇ. ಆದರೆ ಅಂಥ ಭಾಷೆ ಬರೆಯುವವರು ಸಂಘದಲ್ಲಿ ಒಬ್ಬರೇ ಇದ್ದದ್ದರಿಂದ ಸಹಳಿಗೆ ಮೊದಲ ಸಾಲಿನಲ್ಲೇ ಗುರುತು ಹತ್ತಿತು. ಮಾರನೆಯ ವಾರ ಅವಳು ಸಂಘದ ಕೋಣೆಯ ಬಾಗಿಲಲ್ಲಿ ನಿಂತಳು. ಕಣ್ಣು ಕೆಂಪಗಿತ್ತು.

“ಸರ್, ನೀವು ಇಷ್ಟು ದೊಡ್ಡ ಮನಸ್ಸು ಮಾಡ್ತೀರ ಅಂತ ನಾನು ಅಂದ್ಕೊಂಡಿರ್ಲಿಲ್ಲ.”

ಮೇಷ್ಟರು ಬೀರುವಿನಲ್ಲಿ ತಲೆಹಾಕಿ ಬ್ಯಾನರು ಹುಡುಕುತ್ತಿದ್ದರು. ಹಿಂದಿನ ದಿನ ಅವಳ ರಜೆ ಅರ್ಜಿಗೆ ಪ್ರಿನ್ಸಿಪಾಲರ ಹತ್ತಿರ ಒಂದು ಮಾತು ಹೇಳಿ ಸಹಿ ಹಾಕಿಸಿದ್ದರು, ಅದಕ್ಕೇ ಬಂದಿದ್ದಾಳೆಂದುಕೊಂಡರು.

“ಅದ್ರಲ್ಲೇನಮ್ಮ, ನನ್ನ ಕೈಲಾದದ್ದು ಮಾಡ್ದೆ.”

“ನಿಮಗೆ ಬೇಜಾರಾಗಿರಬೇಕು.”

“ಬೇಜಾರ್ಯಾಕೆ? ಇಷ್ಟು ವರ್ಷ ಬಿಡುವಿಲ್ಲದೆ ದುಡಿದಾಯ್ತು. ಇನ್ನು ವಿಶ್ರಾಂತಿ ಬೇಡ್ವಾ?” ಅವರು ಹೇಳಿದ್ದು ಅವಳ ವಿಶ್ರಾಂತಿಯ ಬಗ್ಗೆ.

ಸಹ ಬಾಯಿಗೆ ಕರವಸ್ತ್ರ ಒತ್ತಿಕೊಂಡಳು. “ವೇದಿಕೆ ಮೇಲೆ ಓದಲಾ ಸರ್? ಬೇಡ ಅಂದ್ರೆ ವಾಪಸ್ ತಗೋತೀನಿ.”

ಅವಳೂ ಯಾವುದೋ ಪ್ರಬಂಧ ಕಳಿಸಿದ್ದಾಳೆಂಬುದು ಮೇಷ್ಟರಿಗೆ ಆಗ ತಿಳಿಯಿತು. ಬೀದಿದೀಪದ್ದಿರಬಹುದು ಎಂದುಕೊಂಡರು. “ಧೈರ್ಯವಾಗಿ ಓದು. ಲೆಕ್ಕ ಸರಿಯಿದ್ರೆ ಯಾರಿಗೂ ಹೆದರಬೇಕಾಗಿಲ್ಲ. ಹಾಂ, ಬಂದಿದೀಯಲ್ಲ, ಈ ಬ್ಯಾನರಿನ ಆ ತುದಿ ಹಿಡ್ಕೋ.”

ಸಮ್ಮೇಳನದ ದಿನ ಸಭಾಂಗಣ ಅರ್ಧ ತುಂಬಿತ್ತು. ಊಟದ ಹೊತ್ತಿಗೆ ಪೂರ್ತಿ ತುಂಬುವುದು, ಊಟವಾದ ಮೇಲಿನ ಚುನಾವಣೆಯಲ್ಲಿ ಮೇಷ್ಟರೇ ಮತ್ತೆ ಕಾರ್ಯದರ್ಶಿಯಾಗುವುದು ವಾಡಿಕೆ. ಮೇಷ್ಟರು ಮೈಕಿನ ಮುಂದೆ ನಿಂತು ಮೂರು ಸಲ ಕೇಳಿಸುತ್ತಿದೆಯೇ ಎಂದು ವಿಚಾರಿಸಿ, ಮುಂದಿನ ಸಾಲಿನ ಕುರ್ಚಿಗಳನ್ನು ಗೇಣಷ್ಟು ಹಿಂದೆ ಸರಿಸಿ, ವೇದಿಕೆಯ ಪಕ್ಕದಲ್ಲಿ ತಮ್ಮ ಸ್ಥಳ ಹಿಡಿದರು. ಅಧ್ಯಕ್ಷರು ನಡುವಿನ ಕುರ್ಚಿಯಲ್ಲಿ ಕೂತು ಗಲ್ಲವನ್ನು ಎದೆಗೆ ಇಳಿಬಿಟ್ಟರು. ಬಹುಮಾನಿತ ಪ್ರಬಂಧ ಮೊದಲು. ಸಂಪಾದಕರು ಶೀರ್ಷಿಕೆ ಓದಿ, ಲೇಖಕರ ಹೆಸರು ಕರೆದರು. ಸಹ ಎದ್ದು ಬಂದಳು.

ಓಹೋ, ಇದು ಇವಳದ್ದಾ, ಎಂದು ಮೇಷ್ಟರ ಎದೆ ಹಿಗ್ಗಿತು. ನನ್ನ ಶಿಷ್ಯೆ, ನನ್ನ ವಿದ್ಯೆ, ನನ್ನದೇ ಶಿಫಾರಸು. ಎಲ್ಲರಿಗಿಂತ ಮೊದಲು ಚಪ್ಪಾಳೆ ತಟ್ಟಿದವರು ಅವರೇ.

ಅವಳು ಶುರುಮಾಡಿದಳು. ಪರೀಕ್ಷಾ ಶಬ್ದದ ಮಾತು ಬಂದಾಗ ಹಿಂದಿನ ಸಾಲಿನಲ್ಲಿ ಒಬ್ಬ ಕೆಮ್ಮಿದ. ತುಕ್ಕು ಹಿಡಿದ ಘಟಕಗಳ ಮಾತಿಗೆ ಪದಾಧಿಕಾರಿಗಳು ಒಬ್ಬರ ಮುಖವನ್ನೊಬ್ಬರು ನೋಡಿಕೊಂಡರು. ‘ಬಿಸಿ ದ್ರವ’ ಎನ್ನುವ ಹೊತ್ತಿಗೆ ಸರಿಯಾಗಿ ಕ್ಯಾಂಟೀನಿನವನು ತಟ್ಟೆ ಹಿಡಿದು ಒಳಗೆ ಬಂದು, ಅಭ್ಯಾಸದಂತೆ ನೇರವಾಗಿ ಮೇಷ್ಟರ ಹತ್ತಿರ ನಡೆದು, ಟೀ ಲೋಟವನ್ನು ಅವರ ಕೈಗೆ ಕೊಟ್ಟ.

ಸಭೆಯಲ್ಲಿ ನಗು ಒಂದು ಮೂಲೆಯಿಂದ ಎದ್ದು ಇನ್ನೊಂದು ಮೂಲೆ ಮುಟ್ಟಿತು. ಮೇಷ್ಟರೂ ನಕ್ಕರು, ಎಲ್ಲರೂ ನಗುತ್ತಿದ್ದಾರಲ್ಲ ಎಂದು. ನಗುತ್ತಲೇ ಕೈಯಲ್ಲಿದ್ದ ಲೋಟ ನೋಡಿದರು. ಆವಿ ಏಳುತ್ತಿತ್ತು. ಎದುರಿನ ಮೈಕು ನೋಡಿದರು. ತಾವು ಈಗಷ್ಟೇ ಸರಿಸಿದ ಕುರ್ಚಿಗಳನ್ನು ನೋಡಿದರು. ನಗು ಅವರ ಮುಖದ ಮೇಲೆಯೇ ಇತ್ತು, ಅದನ್ನು ಎಲ್ಲಿಡಬೇಕೆಂದು ಮಾತ್ರ ತಿಳಿಯಲಿಲ್ಲ. ಕಿವಿಯ ತುದಿ ಕಾದು ಕೆಂಪಾಯಿತು. ಆಮೇಲೆ ಸಹಳ ಬಾಯಿಂದ ‘ಗುಜರಿ ಬೆಲೆ ಸೊನ್ನೆಗಿಂತ ಕೆಳಗೆ’ ಎಂಬ ವಾಕ್ಯ ಬಂದಾಗ, ಅದು ತಾವೇ ಬರೆದುಕೊಟ್ಟದ್ದೆಂಬುದು ನೆನಪಾಯಿತು.

ನಗುವಿಗೆ ಅಧ್ಯಕ್ಷರಿಗೆ ಎಚ್ಚರವಾಯಿತು. ಚಪ್ಪಾಳೆಯೆಂದುಕೊಂಡು ಎದ್ದು ಕೈಮುಗಿದರು. ಪರದೆಯ ಮೇಲಿದ್ದ ‘ತಕ್ಷಣ ತೆಗೆದುಹಾಕತಕ್ಕದ್ದು’ ಎಂಬುದನ್ನು ಕನ್ನಡಕ ಸರಿಮಾಡಿಕೊಂಡು ಓದಿದರು. ಜಲಮಂಡಳಿಯ ಹಳೆಯ ಗತ್ತು ಮರಳಿ ಬಂತು.

“ಇಷ್ಟೆಲ್ಲ ಕೆಟ್ಟು ಕೂತಿರೋ ಯಂತ್ರನ ಇಷ್ಟು ವರ್ಷ ಯಾರ್ರೀ ಇಟ್ಕೊಂಡಿದ್ದು? ಯಾವ ಸಂಸ್ಥೆ ಇದು? ಅದಕ್ಕೊಬ್ಬ ಅಧ್ಯಕ್ಷ ಅಂತ ಇರ್ತಾನಲ್ಲ, ಅವನೇನು ನಿದ್ದೆ ಮಾಡ್ತಿದ್ನಾ?”

ಈ ಸಲ ನಗು ನಿಲ್ಲಲು ಬಹಳ ಹೊತ್ತು ಹಿಡಿಯಿತು. ಅಧ್ಯಕ್ಷರು ತಮ್ಮ ಮಾತು ಇಷ್ಟು ಹಿಡಿಸಿತಲ್ಲ ಎಂದು ತೃಪ್ತಿಯಿಂದ ಕೂತರು.

ಮೇಷ್ಟರು ಟೀ ಲೋಟವನ್ನು ಕಿಟಕಿಯ ಕಟ್ಟೆಯ ಮೇಲಿಟ್ಟು ಎದ್ದರು. ಸಹಳಿಗೆ ಆ ಕ್ಷಣದಲ್ಲಿ ಅರ್ಥವಾಗಿತ್ತು, ಮೇಷ್ಟರಿಗೆ ಇದುವರೆಗೂ ಏನೂ ಗೊತ್ತಿರಲಿಲ್ಲವೆಂದು.

“ನಂದೊಂದು ಪ್ರಶ್ನೆ” ಎಂದರು ಮೇಷ್ಟರು. “ದತ್ತಾಂಶ ಎಲ್ಲಿಂದ ತಂದೆ?”

“ಕಾರ್ಖಾನೆಗಳಿಗೆಲ್ಲ ಬರೆದೆ ಸರ್. ಒಬ್ರೂ ಕೊಡ್ಲಿಲ್ಲ. ಬಾಟಲಿ ಮುಚ್ಚಳದವರೂ ಕೊಡ್ಲಿಲ್ಲ.” ಸಹ ತಲೆ ತಗ್ಗಿಸಿದಳು. “ಕಣ್ಣೆದುರಿಗೆ ಇದ್ದದ್ದು ನೀವೊಬ್ರೇ.”

“ಹೊಸ ಘಟಕ?”

“ಅದು ಸಿಗುತ್ತೆ ಅಂತ ಊಹೆ ಮಾಡ್ಕೊಂಡಿದೀನಿ ಸರ್.”

“ಊಹೆ” ಎಂದು ಮೇಷ್ಟರು ಅವಳತ್ತ ಬೆರಳು ತೋರಿಸಿ ನಿಂತರು. ಅವರಿಗೆ ತಪ್ಪಿಸಿಕೊಳ್ಳಲು ಒಂದು ದಾರಿಯಿತ್ತು. ಪ್ರಬಂಧದಲ್ಲಿ ತಪ್ಪಿದೆ ಎಂದು ಬಿಡಬಹುದಿತ್ತು. ಅರ್ಧ ಸಭೆ ಹೌದೆನ್ನುತ್ತಿತ್ತು. ಆದರೆ ಲೆಕ್ಕದಲ್ಲಿ ತಪ್ಪಿಲ್ಲವೆಂದು ಅವರೇ ಬರೆದುಕೊಟ್ಟಿದ್ದರು. ಮೇಷ್ಟರ ಅಹಂಕಾರ ದೊಡ್ಡದು ನಿಜ, ಅದರೊಳಗೆ ಲೆಕ್ಕದ ಮೇಲಿನ ಅಹಂಕಾರ ಎಲ್ಲಕ್ಕಿಂತ ದೊಡ್ಡದು.

“ಲೆಕ್ಕ ಸರಿಯಿದೆ” ಎಂದರು. “ಮಧ್ಯಾಹ್ನದ ಚುನಾವಣೆಗೆ ನಾನು ನಿಲ್ಲಲ್ಲ.”

ಆಗ ಸಭೆಯಲ್ಲಿ ಮೂಡಿದ ಗಾಬರಿಯನ್ನು ನೋಡಬೇಕಿತ್ತು. ನಗುತ್ತಿದ್ದವರ ಬಾಯಿಗೆ ಬೀಗ ಬಿತ್ತು. ಊಟದ ಸಾಲಿನಲ್ಲಿ ಒಬ್ಬೊಬ್ಬರಾಗಿ ಬಂದು ಮೇಷ್ಟರ ಕೈಹಿಡಿದರು. “ತಮಾಷೆಗೆ ನಕ್ವಿ, ಮನಸ್ಸಿಗೆ ಹಚ್ಕೋಬೇಡಿ” ಎಂದರು ಕೊಳಾಯಿಯವರು. “ನೀವು ಬಿಟ್ರೆ ಆ ಬೀರುವಿನ ಕೀ ಯಾರ ಹತ್ರ ಇರತ್ತೆ?” ಎಂದರು ಬೀದಿದೀಪದವರು, ನಿಜವಾದ ಆತಂಕದಿಂದ. ಮಧ್ಯಾಹ್ನದ ಸರ್ವಸದಸ್ಯರ ಸಭೆಯಲ್ಲಿ, ಕಾರ್ಯದರ್ಶಿ ಸ್ಥಾನಕ್ಕೆ ಯಾರು ಎಂದು ಕೇಳಿದಾಗ ಎಲ್ಲರೂ ತಮ್ಮ ತಮ್ಮ ಬೂಟಿನ ದಾರವನ್ನು ಪರೀಕ್ಷಿಸತೊಡಗಿದರು. ಬಾಯ್ಲರಿನವರು ಎದ್ದು, ಈ ವಿಷಯದ ಸಾಧಕಬಾಧಕಗಳನ್ನು ಅಧ್ಯಯನ ಮಾಡಲು ಒಂದು ಉಪಸಮಿತಿ ರಚಿಸೋಣ, ಅದರ ಸಂಚಾಲಕರಾಗಿ ಮೇಷ್ಟರೇ ಇರಲಿ ಎಂದು ಸೂಚಿಸಿದರು. ಅಧ್ಯಕ್ಷರು ಅನುಮೋದಿಸಿದರು. ಅವರಿಗೆ ಯಾರೋ ಊಟದ ಹೊತ್ತಿನಲ್ಲಿ ಯಂತ್ರ ಯಾವುದೆಂದು ಹೇಳಿದ್ದರು. ಮುಂದಿನ ವರ್ಷದ ಸಂಶೋಧನೆ ಯಾರ ಮೇಲೆ ನಡೆಯಬಹುದೆಂಬುದನ್ನು ಅವರು ತಾವಾಗಿಯೇ ಅರ್ಥಮಾಡಿಕೊಂಡಿದ್ದರು. ಅಂದಿನ ಸಭೆಯಲ್ಲಿ ಅವರು ಮತ್ತೆ ಕಣ್ಣು ಮುಚ್ಚಲಿಲ್ಲ.

ಮೇಷ್ಟರು ಒಪ್ಪಲಿಲ್ಲ. ಬೀರುವಿನ ಕೀಯನ್ನು ಮೇಜಿನ ಮೇಲಿಟ್ಟರು. ಅದನ್ನು ಯಾರೂ ಮುಟ್ಟದಿದ್ದಾಗ ಸಹಳೇ ಎದ್ದು ಬಂದು ತೆಗೆದುಕೊಂಡಳು. ಅವಿರೋಧವಾಗಿ ಆಯ್ಕೆಯಾದಳು.

ಮನೆಗೆ ಬಂದು ಮೇಷ್ಟರು ಬೂಟು ಬಿಚ್ಚದೆ ಸೋಫಾದ ಮೇಲೆ ಕೂತರು. ಹೆಂಡತಿ ಮುಖ ನೋಡಿದ ತಕ್ಷಣ ವಿಷಯ ತಿಳಿದಳು.

“ಅವತ್ತೇ ಗೊತ್ತಿತ್ತಾ ನಿಂಗೆ?”

“ಆ ಶಬ್ದದ ವಿಷಯ ಓದಿದಾಗ್ಲೇ.”

“ಅಕ್ಕಂಗೆ?”

“ನಂಗೂ ಗೊತ್ತಿತ್ತು ಪುಟ್ಟ” ಎಂದರು ಅಕ್ಕ, ಕೋಣೆಯ ಬಾಗಿಲಲ್ಲಿ ನಿಂತು. “ಎಕ್ಸ್‌ಚೇಂಜಲ್ಲಿ ಅಷ್ಟು ವರ್ಷ ಕೂತವಳು ನಾನು. ಎರಡು ಕಡೆಯವರು ಮಾತಾಡ್ತಿರ್ಬೇಕಾದ್ರೆ ನಡುವೆ ಬಾಯಿ ಹಾಕೋ ಹಾಗಿಲ್ಲ.”

“ನಾನು ಒಬ್ನೇ ಮಾತಾಡ್ತಿದ್ದೆ.”

“ಅದು ಯಾವಾಗ್ಲೂ ಹಾಗೇ ಅಲ್ವಾ” ಎಂದು ಅಕ್ಕ ಒಳಗೆ ಹೋದರು.

ಮೇಷ್ಟರಿಗೆ ಒಳಗೊಳಗೇ ಒಂದು ಆಸೆಯಿತ್ತು. ಸಹ ಒಂದು ವಾರ ಒದ್ದಾಡುತ್ತಾಳೆ, ಸಭಾಂಗಣದವನ ನಂಬರು ಕೇಳಿ ಫೋನು ಮಾಡುತ್ತಾಳೆ, ಆಗ ತಾವು ದೊಡ್ಡ ಮನಸ್ಸಿನಿಂದ ಹೇಳಿಕೊಡುವುದು. ಫೋನು ಬರಲಿಲ್ಲ. ಸಂಜೆಗಳಲ್ಲಿ ಫೋನಿನ ಪಕ್ಕದ ಕುರ್ಚಿಯಲ್ಲೇ ಕೂತು ಪೇಪರು ಓದುತ್ತಿದ್ದರು. ನಡುನಡುವೆ ರಿಸೀವರು ಎತ್ತಿ ಕಿವಿಗಿಟ್ಟು ನೋಡುವರು. “ಲೈನು ಸರಿಯಾಗೇ ಇದೆ ಪುಟ್ಟ, ನಾನು ಆಗ್ಲೇ ನೋಡ್ದೆ” ಎನ್ನುವರು ಅಕ್ಕ.

ಸುದ್ದಿ ಮಾತ್ರ ಬರುತ್ತಿತ್ತು. ಸಹ ಕೆಲಸ ಹಂಚಿದ್ದಾಳಂತೆ. ಕುರ್ಚಿ ಎಣಿಸುವುದು ಬೀದಿದೀಪದವರಿಗೆ ಬಿದ್ದಿದೆಯಂತೆ, ಅವರು ದಿನಾ ಶಪಿಸುತ್ತಿದ್ದಾರಂತೆ. ಬಾಟಲಿ ಮುಚ್ಚಳದ ಬದಲು ಬೇರೆ ಯಾವುದೋ ಕಾರ್ಖಾನೆಗೆ ಬಸ್ಸು ಹೋಯಿತಂತೆ. ಅಲ್ಲಿ ಯಂತ್ರ ನಿಜವಾಗಿಯೂ ಹೊಸದಾಗಿದ್ದರಿಂದ ಏನು ಕೇಳಬೇಕೆಂದು ಯಾರಿಗೂ ತೋಚಲಿಲ್ಲವಂತೆ. ವಾರ್ಷಿಕ ವರದಿ ಒಂದೇ ಪುಟಕ್ಕೆ ಇಳಿದಿದೆಯೆಂದು ಕೆಲವರು ರಾಜೀನಾಮೆಯ ಮಾತಾಡಿದರಂತೆ. ಎಲ್ಲಕ್ಕಿಂತ ಮೇಷ್ಟರ ಹೊಟ್ಟೆಗೆ ಬೆಂಕಿಬಿದ್ದದ್ದು ಪತ್ರಿಕೆ ಬಂದ ದಿನ. ಅದು ಹೇಳಿದ ತಿಂಗಳಿಗೇ, ಒಂದೇ ಸಂಚಿಕೆಯ ಸಂಖ್ಯೆ ಹೊತ್ತು ಬಂತು. ಎಲ್ಲಾದರೂ ಅಚ್ಚಿನ ತಪ್ಪು ಸಿಗುತ್ತದೇನೋ ಎಂದು ಅವರು ಕೊನೆಯ ಪುಟದವರೆಗೂ ಓದಿದರು. ಓದುತ್ತಾ ಓದುತ್ತಾ ಮೊದಲ ಸಲ ಬೀದಿದೀಪದ ಪ್ರಬಂಧ ಅರ್ಥವಾಯಿತು. ಅದು ಕೆಟ್ಟದಾಗಿರಲಿಲ್ಲ.

ಮರುದಿನದಿಂದ ಮೇಷ್ಟರು ತಾವೂ ಒಂದು ಪ್ರಬಂಧ ಶುರುಮಾಡಿದರು. ‘ಸೇವೆಯಿಂದ ತೆಗೆದ ಘಟಕಗಳು: ನಂತರದ ಬಳಕೆ ಮತ್ತು ಅದರ ಆರ್ಥಿಕತೆ’. ಬದಲಿ ಲೆಕ್ಕ ಅಲ್ಲಿಯವರೆಗೆ ಗುಜರಿಯ ಗೇಟಿನಲ್ಲಿ ನಿಂತುಬಿಡುತ್ತಿತ್ತು. ಗೇಟಿನಾಚೆ ಏನಾಗುತ್ತದೆಂದು ಯಾರೂ, ಅವರೂ, ಕೇಳಿರಲಿಲ್ಲ. ತೆಗೆದ ಪಂಪು ತೋಟದ ಬಾವಿಗೆ ಹೋಗಿತ್ತು. ತೆಗೆದ ಲೇತು ಯಂತ್ರ ಒಂದು ಬೀಗ ರಿಪೇರಿಯವನ ಅಂಗಡಿಯಲ್ಲಿ ತಿರುಗುತ್ತಿತ್ತು. ಮೇಷ್ಟರು ಗುಜರಿ ಅಂಗಡಿಗಳನ್ನು ಸುತ್ತಿ, ಬಟ್ಟೆಗೆಲ್ಲ ತುಕ್ಕು ಮೆತ್ತಿಕೊಂಡು ಬಂದು, ತಿಂಗಳುಗಟ್ಟಲೆ ಕೂತು ಬರೆದರು. ಹೆಸರು ಮರೆಮಾಡಿ ಕಳಿಸಿದರು. ಪರಿಶೀಲಕರ ಟಿಪ್ಪಣಿ ಬಂತು: ‘ಆಸಕ್ತಿಕರ. ಆದರೆ ಲೇಖಕರು ಒಂದು ನಿರ್ದಿಷ್ಟ ಘಟಕದ ಬಗ್ಗೆ ಅನಗತ್ಯ ಮರುಕ ತೋರಿಸಿದಂತಿದೆ. ವೇದಿಕೆಯಲ್ಲಿ ಓದಲು ಅವಕಾಶವಿಲ್ಲ, ಭಿತ್ತಿಪತ್ರವಾಗಿ ಪ್ರದರ್ಶಿಸಬಹುದು.’

ಭಿತ್ತಿಪತ್ರವೆಂದರೆ ಪ್ರಬಂಧವನ್ನು ದೊಡ್ಡ ಹಾಳೆಯಲ್ಲಿ ಅಚ್ಚು ಹಾಕಿಸಿ ಮೊಗಸಾಲೆಯ ಗೋಡೆಗೆ ಅಂಟಿಸಿ ಪಕ್ಕದಲ್ಲಿ ನಿಲ್ಲುವುದು. ಸಾಮಾನ್ಯವಾಗಿ ಎರಡನೇ ವರ್ಷದ ಹುಡುಗರಿಗೆ ಕೊಡುವ ಶಿಕ್ಷೆ. ಹೆಂಡತಿ ಹೋಗಬೇಡಿ ಎಂದಳು. ಮೇಷ್ಟರು ಹೋದರು. ಟೀ ಮೇಜಿನ ಪಕ್ಕದ ಗೋಡೆ ಸಿಕ್ಕಿತ್ತು. ಒಳಗಿನಿಂದ ಚಪ್ಪಾಳೆ ಕೇಳಿಸುತ್ತಿತ್ತು. ಸಹ ಒಂದು ಸಲ ಹೊರಗೆ ಓಡಿಬಂದು, “ಸರ್, ಕೂತ್ಕೊಳ್ಳಿ, ಕುರ್ಚಿ ಕಳಿಸ್ತೀನಿ” ಎಂದು ಒಳಗೆ ಓಡಿದಳು. ಕುರ್ಚಿ ಬರಲಿಲ್ಲ. ಬೀದಿದೀಪದವರು ಎಣಿಕೆಯಲ್ಲಿ ಎಲ್ಲೋ ತಪ್ಪಿದ್ದರು.

ಊಟದ ಬಿಡುವಿನಲ್ಲಿ ಜನ ಬಂದರು. ಹೆಚ್ಚಿನವರು ಶೌಚಾಲಯ ಎಲ್ಲಿ ಎಂದು ಕೇಳಲು. ಇಬ್ಬರು ಹುಡುಗಿಯರು ತಪ್ಪಿಸಿಕೊಳ್ಳಲಾಗದೆ ಸಿಕ್ಕಿಬಿದ್ದು ಮೊದಲಿನಿಂದ ಕೊನೆಯವರೆಗೆ ಕೇಳಿದರು. ಬೀಗ ರಿಪೇರಿಯವನ ಲೇತಿನ ಕಥೆಗೆ ಒಬ್ಬಳು ನಿಜವಾಗಿಯೂ ತಲೆಯಾಡಿಸಿದಳು. ಅವರು ಹೋದ ಮೇಲೆ ನೋಡಿದರೆ ಹಿಂದೆ ಹೆಂಡತಿ ನಿಂತಿದ್ದಳು, ಆಸ್ಪತ್ರೆಯ ಬಿಳಿ ಕೋಟಿನಲ್ಲೇ. ಕರೆದುಕೊಂಡು ಹೋಗಲು ಬಂದವಳು ಆಕೆ. ಮದುವೆಯಾದಾಗಿನಿಂದ ಗಂಡನ ಒಂದು ಪ್ರಬಂಧವನ್ನೂ ಓದಿರಲಿಲ್ಲ. ಈಗ ಕೈಚೀಲ ಹೆಗಲಿಗೇರಿಸಿ ಮೇಲಿನ ಸಾಲಿನಿಂದ ಓದತೊಡಗಿದ್ದಳು.

ಮೇಷ್ಟರು ಪಕ್ಕದಲ್ಲೇ ನಿಂತು ಕಾದರು. ಪರಿಶೀಲಕರ ಟಿಪ್ಪಣಿಗೂ ಅವರು ಹಾಗೆ ಕಾದಿರಲಿಲ್ಲ.

“ಇಲ್ಲೊಂದು” ಎಂದು ಆಕೆ ಒಂದು ಸಾಲಿನ ಮೇಲೆ ಬೆರಳಿಟ್ಟಳು. “‘ತೆಗೆದ ನಂತರ ಘಟಕದ ನಿರ್ವಹಣೆಗೆ ಖರ್ಚು ಇಲ್ಲ’ ಅಂತ ಬರೆದಿದೀರಿ.”

“ಹೌದು. ಸಂಸ್ಥೆಗೆ ಖರ್ಚಿಲ್ಲ.”

“ಮತ್ತೆ ಈ ಒಂದು ವರ್ಷ ಅದನ್ನ ಸಂಭಾಳಿಸಿದ್ದು ಯಾರು?”

ಮೇಷ್ಟರು ಹೆಂಡತಿಯನ್ನು ನೋಡಿದರು, ಹಾಳೆಯನ್ನು ನೋಡಿದರು. ಜೇಬಿನಿಂದ ಪೆನ್ನು ತೆಗೆದು ಆ ಸಾಲನ್ನು ಹೊಡೆದುಹಾಕಿದರು. ಆ ಒಂದು ಸಾಲು ಹೋದದ್ದೇ ತಡ ಕೆಳಗಿನ ಮೊತ್ತ ಬದಲಾಯಿತು, ಮೊತ್ತ ಬದಲಾದದ್ದರಿಂದ ರೇಖೆ ಬದಲಾಯಿತು, ರೇಖೆಯ ಜೊತೆಗೆ ಇಡೀ ತೀರ್ಮಾನವೇ ತಲೆಕೆಳಗಾಯಿತು. ಅವರು ಗೋಡೆಗೆ ಖಾಲಿ ಹಾಳೆಯೊಂದನ್ನು ಒತ್ತಿ ಮೊದಲಿನಿಂದ ಲೆಕ್ಕ ಹಾಕತೊಡಗಿದರು. ಆಕೆ ಟೀ ಮೇಜಿನಿಂದ ಎರಡು ಲೋಟ ತುಂಬಿಸಿಕೊಂಡು ಬಂದು, ಒಂದನ್ನು ಅವರ ಕೈಗೆಟಕುವಲ್ಲಿಟ್ಟು, ಪಕ್ಕದ ಗೋಡೆಗೊರಗಿ ನಿಂತು, ಅವರು ಮುಗಿಸಲಿ ಎಂದು ಕಾದಳು.